ಅರ್ಜಿಯ ದಿನ ಮುಗಿದರೆ ದೂರಿನ ದಿನವೂ ಮುಗಿಯಿತೇ?

ಜೂನ್ ತಿಂಗಳ ಮೊದಲ ವಾರ. ಬೆಳಗ್ಗಿನ ಮದ್ರಸ ಬಿಟ್ಟು ಮಕ್ಕಳು ಚೀಲ ಎತ್ತಿಕೊಂಡು ಮಳೆಯಲ್ಲೇ ಓಡುತ್ತಿದ್ದರು. ಬಾಗಿಲ ಬಳಿ ಒಬ್ಬರು ತಾಯಿ ಕೊಡೆ ಮಡಚಿ ನಿಂತಿದ್ದರು.

“ಉಸ್ತಾದೇ, ನಾಳೆಯಿಂದ ಮಗಳು ಮದ್ರಸಕ್ಕೆ ಬರ್ಲಿಕ್ಕಿಲ್ಲ. ನೀವು ಬೇಜಾರು ಮಾಡ್ಬಾರ್ದು” ಎಂದರು.

ಎಂತ ಆಯ್ತು ಎಂದು ಕೇಳಿದೆವು. ವಿಷಯ ಇಷ್ಟೇ. ಊರಿನ ಸರಕಾರಿ ಶಾಲೆ ಇರುವುದು ಐದನೇ ತರಗತಿವರೆಗೆ. ಮಗಳು ಈಗ ಆರನೆಯದ್ದು, ತೋಡಿನ ಆಚೆಗಿರುವ ಹಿರಿಯ ಪ್ರಾಥಮಿಕ ಶಾಲೆಗೆ ಹೋಗಬೇಕು. ಬೇಸಗೆಯಲ್ಲಾದರೆ ಅಡಿಕೆ ತೋಟದ ಬದಿಯಲ್ಲಿ ನಡೆದು ಕಾಲುಸಂಕ ದಾಟಿದರೆ ಮುಕ್ಕಾಲು ಗಂಟೆಯ ದಾರಿ. ಮಳೆ ಹಿಡಿದರೆ ತೋಡು ತುಂಬಿ ಸಂಕದ ಮೇಲೆಯೇ ನೀರು ಹರಿಯುತ್ತದೆ. ಆಗ ರಸ್ತೆಯಲ್ಲಿ ಸುತ್ತು ಹಾಕಿ ಹೋಗಬೇಕು, ಐದು ಕಿಲೋಮೀಟರಿಗೂ ಜಾಸ್ತಿ. ಬೆಳಗ್ಗೆ ಏಳು ಇಪ್ಪತ್ತಕ್ಕೆ ಒಂದು ಬಸ್, ಮತ್ತಿನದ್ದು ಒಂಬತ್ತು ಮುಕ್ಕಾಲಕ್ಕೆ. ಎರಡನೆಯದ್ದು ಹಿಡಿದರೆ ಶಾಲೆಯ ಬೆಲ್ ಆಗಿರುತ್ತದೆ. ಮೊದಲನೆಯದ್ದು ಹಿಡಿದರೆ ಮದ್ರಸ ಇಲ್ಲ. ಅದೂ ಖಾಸಗಿ ಬಸ್. 2023ರ ಜೂನ್ 11ರಿಂದ ಹೆಣ್ಣುಮಕ್ಕಳಿಗೆ ಸರಕಾರಿ ಬಸ್ಸಿನಲ್ಲಿ ಟಿಕೆಟ್ ಇಲ್ಲ ಎಂಬುದು ನಿಜ, ಆದರೆ ನಮ್ಮ ಜಿಲ್ಲೆಯ ಎಷ್ಟೋ ರಸ್ತೆಗಳಲ್ಲಿ ಆ ಬಸ್ಸೇ ಓಡುವುದಿಲ್ಲವಲ್ಲ! ಮನೆಯ ಯಜಮಾನರು ಸೌದಿಯಲ್ಲಿ ಒಂದು ಬೂಫಿಯಾದಲ್ಲಿ ಕೆಲಸಕ್ಕಿದ್ದಾರೆ. ತಿಂಗಳು ತಿಂಗಳು ಆಟೋಕ್ಕೆ ಕೊಡುವಷ್ಟು ಅನುಕೂಲ ಇಲ್ಲ.

ಶಾಲೆ ದೂರ ಇದ್ದ ಮಕ್ಕಳಿಗೆ ಸರಕಾರದಿಂದ ಸಾರಿಗೆ ಭತ್ಯೆ ಸಿಗುತ್ತದೆ ಎಂದು ಯಾರೋ ಹೇಳಿದ್ದರಂತೆ. ಹೇಳಿದ್ದು ಸುಳ್ಳಲ್ಲ. ಸಮಗ್ರ ಶಿಕ್ಷಣ ಯೋಜನೆಯಲ್ಲಿ ಸಾರಿಗೆ ಮತ್ತು ಬೆಂಗಾವಲು ಭತ್ಯೆ ಎಂಬುದು ಉಂಟು. ಆ ತಾಯಿ ಹೆಡ್‌ಮಾಸ್ಟರನ್ನು ಕೇಳಿದರು. ಅವರು ಒಳ್ಳೆಯವರೇ, “ನಿಮ್ಮ ಮನೆ ಮೂರು ಕಿಲೋಮೀಟರ್ ಒಳಗೆ ಬರ್ತದೆ ಅಂತ ಮ್ಯಾಪಿನಲ್ಲಿ ಉಂಟು, ಹಾಗಾಗಿ ಪಟ್ಟಿಯಲ್ಲಿ ಹೆಸರಿಲ್ಲ, ಆಫೀಸಲ್ಲಿ ವಿಚಾರಿಸಿ” ಎಂದರು. ಆಫೀಸಿಗೆ ಹೋದರು. “ನೋಡುವ” ಎಂದರು. ಕೊನೆಗೆ ನಮ್ಮ ಹತ್ತಿರ ಬಂದಿದ್ದರು.

ನಾವೆಂತ ಹೇಳಿದೆವು? “ಕಮಿಟಿಯಲ್ಲಿ ಮಾತಾಡುವ” ಎಂದೆವು. ಆ ತಿಂಗಳ ಮೀಟಿಂಗಿನಲ್ಲಿ ಮಸೀದಿಯ ತಗಡಿನ ಮಾಡು ಸೋರುವ ವಿಷಯವೇ ಒಂದೂವರೆ ಗಂಟೆ ಹಿಡಿಯಿತು. ಮುಂದಿನ ತಿಂಗಳು ಮೀಟಿಂಗೇ ಆಗಲಿಲ್ಲ.

ಆಗಸ್ಟಿನಲ್ಲಿ ಆ ತಾಯಿಯ ಜೊತೆ ನಾವೂ ಆಫೀಸಿಗೆ ಹೋದೆವು. ಅಲ್ಲಿದ್ದವರು ಕಡತ ತಿರುವಿ, “ಈ ವರ್ಷದ ಪಟ್ಟಿ ಕಳಿಸಿ ಆಯ್ತು. ತಕರಾರು ಇದ್ದರೆ ಆಗಲೇ ಹೇಳ್ಬೇಕಿತ್ತು. ಈಗ ಟೈಮ್ ಮುಗಿದಿದೆ” ಎಂದರು. “ಜೂನಿನಲ್ಲೇ ಬಂದು ಹೇಳಿದ್ದೆ ಸರ್” ಎಂದರು ತಾಯಿ. “ನಿಮ್ಮ ಅರ್ಜಿ ಎಲ್ಲುಂಟು?” ಎಂಬ ಪ್ರಶ್ನೆ ಬಂತು. ಅರ್ಜಿ ಇರಲಿಲ್ಲ. ಬಾಯಲ್ಲಿ ಹೇಳಿದ್ದಕ್ಕೆ ಇನ್‌ವರ್ಡ್ ನಂಬರ್ ಬೀಳುವುದಿಲ್ಲ.

ಈ ‘ಟೈಮ್ ಮುಗಿದಿದೆ’ ಎಂಬ ಮಾತಿನ ಬಗ್ಗೆಯೇ ಇವತ್ತು ಬರೆಯಬೇಕಾಗಿದೆ. ಯಾಕೆಂದರೆ ನಮ್ಮ ಮನೆಗಳಲ್ಲಿ ಇದನ್ನು ಕೇಳಿ ವಾಪಸು ಬಂದವರು ಆ ತಾಯಿ ಒಬ್ಬರೇ ಅಲ್ಲ. ಮಾತು ಕೇಳಿದ ಕೂಡಲೇ ನಾವು ಎದ್ದು ಬರುತ್ತೇವೆ. ಯಾವ ಟೈಮ್, ಯಾವುದರ ಟೈಮ್, ಯಾರು ಇಟ್ಟ ಟೈಮ್ ಎಂದು ಕೇಳುವುದಿಲ್ಲ.

ಅರ್ಜಿಗೆ ಕೊನೆಯ ದಿನ ಇರುತ್ತದೆ, ಅದನ್ನು ಒಪ್ಪಬೇಕು. ಮದ್ರಸದ ಪಬ್ಲಿಕ್ ಪರೀಕ್ಷೆಯ ಮರುಮೌಲ್ಯಮಾಪನಕ್ಕೂ ದಿನ ನಿಗದಿ ಇದೆ, ಅದು ದಾಟಿದ ಮೇಲೆ ಬಂದ ಹೆತ್ತವರನ್ನು ನಾವೂ ವಾಪಸು ಕಳಿಸಿದ್ದುಂಟು. ಆದರೆ ಅರ್ಜಿಯ ದಿನ ಬೇರೆ, ದೂರಿನ ದಿನ ಬೇರೆ. ‘ನನಗೆ ಈ ಸವಲತ್ತು ಕೊಡಿ’ ಎನ್ನುವುದು ಅರ್ಜಿ. ‘ಮಗುವಿನ ಹಕ್ಕು ತಪ್ಪಿಹೋಗಿದೆ’ ಎನ್ನುವುದು ದೂರು. 2009ರ ಶಿಕ್ಷಣ ಹಕ್ಕು ಕಾಯ್ದೆಯ 32ನೇ ಕಲಮನ್ನು ಒಮ್ಮೆ ಓದಿ ನೋಡಿ. ಮಗುವಿನ ಹಕ್ಕಿಗೆ ಸಂಬಂಧಿಸಿ ಅಹವಾಲು ಇರುವ ಯಾವುದೇ ವ್ಯಕ್ತಿ ಸ್ಥಳೀಯ ಪ್ರಾಧಿಕಾರಕ್ಕೆ ಲಿಖಿತ ದೂರು ಕೊಡಬಹುದು ಎಂದು ಅದರಲ್ಲಿದೆ. ‘ಯಾವುದೇ ವ್ಯಕ್ತಿ’ ಎಂದರೆ ತಂದೆಯೇ ಆಗಬೇಕೆಂದಿಲ್ಲ, ಅವರು ಜುಬೈಲಿನಿಂದ ರಜೆಯಲ್ಲಿ ಬರುವವರೆಗೆ ಕಾಯಬೇಕಾಗಿಲ್ಲ. ತಾಯಿ ಕೊಡಬಹುದು, ಅಜ್ಜ ಕೊಡಬಹುದು, ಮದ್ರಸದ ಉಸ್ತಾದರೂ ಕೊಡಬಹುದು. ಇಂತಿಷ್ಟು ದಿನದೊಳಗೆ ದೂರು ಕೊಡಬೇಕೆಂದು ಆ ಕಲಮಿನಲ್ಲಿ ಎಲ್ಲೂ ಹೇಳಿಲ್ಲ. ಗಡುವು ಇರುವುದು ದೂರು ತೆಗೆದುಕೊಂಡವರಿಗೆ: ಎರಡೂ ಕಡೆಯ ಮಾತು ಕೇಳಿ ಮೂರು ತಿಂಗಳೊಳಗೆ ತೀರ್ಮಾನಿಸಬೇಕು. ತೀರ್ಮಾನ ಒಪ್ಪಿಗೆಯಾಗದಿದ್ದರೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಮೇಲ್ಮನವಿ ಹಾಕಬಹುದು.

ಅಂದರೆ ಕಾನೂನು ಗಡಿಯಾರ ಇಟ್ಟದ್ದು ಅವರ ಮೇಜಿನ ಮೇಲೆ. ಆಫೀಸಿನಲ್ಲಿ ನಮಗೆ ತೋರಿಸುವುದು ನಮ್ಮ ಕೈಗಡಿಯಾರ. ಒಂದು ವಿಷಯ ಮಾತ್ರ ನೆನಪಿರಲಿ, ಆ ಮೂರು ತಿಂಗಳು ಶುರುವಾಗುವುದು ‘ಲಿಖಿತ’ ದೂರಿನಿಂದ. ಜುಮಾ ಮುಗಿಸಿ ಮಸೀದಿ ಅಂಗಳದಲ್ಲಿ ಬೈದದ್ದಕ್ಕೆ, ಹೋಟೆಲಿನಲ್ಲಿ ಚಾ ಕುಡಿಯುತ್ತಾ ಹೇಳಿದ್ದಕ್ಕೆ, ಜಮಾಅತಿನ ವಾಟ್ಸ್‌ಆ್ಯಪ್ ಗ್ರೂಪಿಗೆ ನಾಲ್ಕು ನಿಮಿಷದ ವಾಯ್ಸ್ ಹಾಕಿದ್ದಕ್ಕೆ ಶುರುವಾಗುವುದಿಲ್ಲ. ಈ ಮೂರರಲ್ಲೂ ನಮ್ಮವರು ಗಟ್ಟಿಗರು. ಕಾಗದ ಎಂದರೆ ಮಾತ್ರ ಹಿಂದೆ ಸರಿಯುತ್ತಾರೆ.

ಇನ್ನು ಶಾಲೆಯ ವ್ಯಾಪ್ತಿಯ ವಿಷಯ. ಕಾಯ್ದೆಯಲ್ಲಿ ಇದಕ್ಕೆ ನೆರೆಹೊರೆ ಎಂಬ ಚಂದದ ಹೆಸರು ಉಂಟು. ಒಂದರಿಂದ ಐದನೇ ತರಗತಿಗೆ ಒಂದು ಕಿಲೋಮೀಟರ್, ಆರರಿಂದ ಎಂಟಕ್ಕೆ ಮೂರು ಕಿಲೋಮೀಟರ್. ಕೇಂದ್ರ ಸರಕಾರದ 2010ರ ನಿಯಮಗಳಲ್ಲಿ ಇರುವುದು ಈ ಅಳತೆ, ನಮ್ಮ ರಾಜ್ಯದಲ್ಲೂ ಇದನ್ನೇ ಹಿಡಿಯುತ್ತಾರೆ. ಆದರೆ ಅಲ್ಲಿ ಬರೆದಿರುವುದು ‘ನಡೆದು ಹೋಗುವ ದೂರ’ ಎಂದು. ಕಾಗೆ ಹಾರುವ ದೂರ ಅಲ್ಲ. ಅಷ್ಟೇ ಅಲ್ಲ, ಕಷ್ಟದ ಪ್ರದೇಶ, ಭೂಕುಸಿತ, ನೆರೆ, ರಸ್ತೆ ಇಲ್ಲದಿರುವುದು, ಮನೆಯಿಂದ ಶಾಲೆಗೆ ಹೋಗುವ ದಾರಿಯಲ್ಲಿ ಚಿಕ್ಕ ಮಕ್ಕಳಿಗೆ ಅಪಾಯ, ಇಂಥದ್ದು ಇರುವಲ್ಲಿ ಈ ಮಿತಿಯನ್ನು ಇನ್ನೂ ಕಡಿಮೆ ಮಾಡಬೇಕು ಎಂದೂ ಅದೇ ನಿಯಮಗಳಲ್ಲಿದೆ. ಶಾಲೆಯೇ ಇಲ್ಲದ ಸಣ್ಣ ಜನವಸತಿಯ ಮಕ್ಕಳಿಗೆ ಉಚಿತ ಸಾರಿಗೆ ಅಥವಾ ವಸತಿಯಂಥ ವ್ಯವಸ್ಥೆ ಮಾಡಬೇಕು ಎಂದಿದೆ.

ಆ ನಿಯಮ ಬರೆದವರು ನಮ್ಮ ಊರನ್ನು ನೋಡಿಯೇ ಬರೆದ ಹಾಗಿದೆ. ತೋಡು, ಹೊಳೆ, ಗುಡ್ಡ, ಕಾಲುಸಂಕ, ನೇತ್ರಾವತಿಯ ಕುದ್ರುಗಳು, ಇದೆಲ್ಲ ಇರುವಲ್ಲಿ ಮ್ಯಾಪಿನ ಮೇಲೆ ಗೆರೆ ಎಳೆದು ದೂರ ಲೆಕ್ಕ ಹಾಕಿದರೆ ಅದು ಯಾವ ಮಗುವಿಗೂ ಕೂಡಿಬರುವುದಿಲ್ಲ. ಈಗ ಹೆದ್ದಾರಿ ಅಗಲವಾದ ಮೇಲೆ ತೋಡೂ ಬೇಡ. 66ರ ಬದಿಯಲ್ಲಿ, 75ರ ಬದಿಯಲ್ಲಿ ಇರುವ ಮನೆಗಳವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಶಾಲೆಯ ಮಾಡು ಮನೆಯಂಗಳದಿಂದ ಕಾಣುತ್ತದೆ, ಮಗುವಿಗೆ ರಸ್ತೆ ದಾಟಲಿಕ್ಕೆ ಆಗುವುದಿಲ್ಲ.

ಖಾಸಗಿ ಶಾಲೆಯ ‘ಆರ್‌ಟಿಇ ಸೀಟಿ’ನ ಕತೆ ಇನ್ನೊಂದು. ಒಂದು ಕಾಲದಲ್ಲಿ ನಮ್ಮಲ್ಲಿ ಆರ್‌ಟಿಇ ಎಂದರೆ ಅದು ಮಾತ್ರ ಎಂಬಂತಾಗಿತ್ತು. ಅನುದಾನರಹಿತ ಶಾಲೆಗಳು ಒಂದನೇ ತರಗತಿಯಲ್ಲಿ ಶೇ. 25 ಸೀಟುಗಳನ್ನು ನೆರೆಹೊರೆಯ ದುರ್ಬಲ ವರ್ಗದ ಮತ್ತು ಅವಕಾಶವಂಚಿತ ಮಕ್ಕಳಿಗೆ ಕೊಡಬೇಕು. ಪೇಟೆಯಲ್ಲಿ ನೆರೆಹೊರೆ ಎಂದರೆ ವಾರ್ಡ್, ಹಳ್ಳಿಯಲ್ಲಿ ಕಂದಾಯ ಗ್ರಾಮ ಎಂದಾಯಿತು. ಒಂದೇ ರಸ್ತೆಯ ಈ ಬದಿ ಒಂದು ವಾರ್ಡ್, ಆ ಬದಿ ಇನ್ನೊಂದು. ಗೇಟಿನ ಎದುರಿಗೇ ಮನೆ ಇದ್ದ ಮಗು ವ್ಯಾಪ್ತಿಯ ಹೊರಗೆ, ಎರಡು ಕಿಲೋಮೀಟರ್ ಆಚೆಗಿನ ಮಗು ಒಳಗೆ. ನಮ್ಮವರಿಗೆ ಸಾಲದ್ದಕ್ಕೆ ಇನ್ನೊಂದು ತೊಂದರೆ. ರೇಶನ್ ಕಾರ್ಡ್ ಗಂಡನ ಊರಿನಲ್ಲಿ, ಆಧಾರ್ ಬಾಡಿಗೆ ಮನೆಯ ವಿಳಾಸದಲ್ಲಿ, ತಾಯಿ ಮಕ್ಕಳು ಇರುವುದು ತವರಿನಲ್ಲಿ. ಮೂರು ಕಾಗದಕ್ಕೆ ಮೂರು ಪಿನ್ ಕೋಡ್. ಸೈಬರಿನ ಹುಡುಗ ಯಾವುದನ್ನು ಹಾಕಿದನೋ ಅದೇ ಆ ಮಗುವಿನ ನೆರೆಹೊರೆ!

2019ರ ಆರಂಭದಲ್ಲಿ ರಾಜ್ಯ ಸರಕಾರ ನಿಯಮವನ್ನೇ ತಿದ್ದಿತು. ನೆರೆಹೊರೆಯಲ್ಲಿ ಸರಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆ ಈ ಸೀಟು ಕೊಡಬೇಕಾಗಿಲ್ಲ ಎಂದಾಯಿತು. ಅದೇ ವರ್ಷ ಮೇ ತಿಂಗಳಲ್ಲಿ ನಮ್ಮ ಹೈಕೋರ್ಟ್ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಮಹಾರಾಷ್ಟ್ರ ಸರಕಾರ 2024ರಲ್ಲಿ ಹೆಚ್ಚುಕಡಿಮೆ ಇಂಥದ್ದೇ ತಿದ್ದುಪಡಿ ತಂದಾಗ ಬಾಂಬೆ ಹೈಕೋರ್ಟ್ ಅದನ್ನು ಜುಲೈಯಲ್ಲಿ ರದ್ದು ಮಾಡಿತು. ಒಂದೇ ಕಾಯ್ದೆ, ಎರಡು ರಾಜ್ಯ, ಎರಡು ತೀರ್ಪು. ದೊಡ್ಡ ಮಗನಿಗೆ ಸಿಕ್ಕಿದ ಸೀಟು ಚಿಕ್ಕ ಮಗಳಿಗೆ ಯಾಕಿಲ್ಲ ಎಂದು ಈಗಲೂ ಕೇಳುವವರಿಗೆ ಉತ್ತರ ಇದು.

ಸರಕಾರಿ ಶಾಲೆ ಇರುವಲ್ಲಿ ಸರಕಾರದ ದುಡ್ಡು ಖಾಸಗಿಯವರಿಗೆ ಯಾಕೆ ಎಂಬ ವಾದವನ್ನು ನಾವು ಸುಮ್ಮನೆ ತಳ್ಳಿಹಾಕುವುದಿಲ್ಲ. ಅದರಲ್ಲಿ ಹುರುಳಿದೆ. ಆದರೆ ಹಾಗೆ ಹೇಳುವವರು ಆ ಸರಕಾರಿ ಶಾಲೆಗೆ ಮಗು ಮಳೆಗಾಲದಲ್ಲೂ ತಲುಪುವ ಹಾಗೆ ಮಾಡಬೇಕಲ್ಲವೇ? ಮಕ್ಕಳ ಸಂಖ್ಯೆ ಕಡಿಮೆ ಎಂದು ಒಂದು ಶಾಲೆಯನ್ನು ಇನ್ನೊಂದಕ್ಕೆ ಸೇರಿಸಿದಾಗ ಕಟ್ಟಡ ಸೇರುವುದು ಸುಲಭ, ಹತ್ತು ವರ್ಷದ ಮಗುವಿನ ಕಾಲು ಉದ್ದ ಆಗುವುದಿಲ್ಲ.

ನಮ್ಮದೇ ಅಂಗಳವನ್ನೂ ಸ್ವಲ್ಪ ಗುಡಿಸಬೇಕು. ಅಲ್ಪಸಂಖ್ಯಾತ ಶಾಲೆಗಳಿಗೆ ಈ ಕಾಯ್ದೆ ಅನ್ವಯವಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿತು. ನಮ್ಮ ಸಮುದಾಯದ ಆಂಗ್ಲ ಮಾಧ್ಯಮ ಶಾಲೆಗಳಿಗೂ ಅದರ ಪ್ರಯೋಜನ ಇದೆ. ಇರಲಿ, ಅದು ಸಂವಿಧಾನ ಕೊಟ್ಟ ಹಕ್ಕು. ಆದರೆ ಜಮಾಅತಿನ ಬಡ ಮಗುವಿಗೆ ಅಲ್ಲಿ ಎಷ್ಟು ಸೀಟು ಎಂದು ವಾರ್ಷಿಕ ಮಹಾಸಭೆಯಲ್ಲಿ ಕೇಳಿದವರನ್ನು ನಾವು ಇಷ್ಟರವರೆಗೆ ಕಂಡಿಲ್ಲ. ಬಿಇಒ ಆಫೀಸಿಗೆ ಹೇಗೆ ದೂರು ಬರೆಯುವುದು ಎಂದು ಕಲಿತ ಮೇಲೆ ಆ ಕಾಗದ ಕೆಲವೊಮ್ಮೆ ನಮ್ಮ ಕಡೆಗೂ ತಿರುಗೀತು. ತಿರುಗಲಿ.

ಮತ್ತೆ ಗಡುವಿನ ವಿಷಯಕ್ಕೆ ಬರುವ. ಮೂರು ತಿಂಗಳು ಎಂಬುದು ಕಾಯ್ದೆ ಕೊಟ್ಟ ಅವಧಿ. ಕೇಳಲಿಕ್ಕೆ ಸಣ್ಣದು, ಮಗುವಿನ ಲೆಕ್ಕದಲ್ಲಿ ದೊಡ್ಡದು. ಶಾಲಾ ವರ್ಷ ಇರುವುದೇ ಹತ್ತು ತಿಂಗಳು. ಜೂನ್ ಒಂದರಂದು ಕೊಟ್ಟ ದೂರಿಗೆ ಆಗಸ್ಟ್ ಕೊನೆಗೆ ತೀರ್ಮಾನ ಬಂದರೂ ಕಾನೂನು ಪಾಲನೆ ಆಯಿತು, ಅಷ್ಟರಲ್ಲಿ ಮಳೆಗಾಲದ ಮುಕ್ಕಾಲು ಪಾಲು ಮುಗಿದಿರುತ್ತದೆ. ಆಮೇಲೆ ಆಯೋಗಕ್ಕೆ ಮೇಲ್ಮನವಿ ಎಂದರೆ ಬೆಂಗಳೂರು. ಮೂರು ತಿಂಗಳಲ್ಲಿ ತೀರ್ಮಾನ ಕೊಡದಿದ್ದರೆ ಎಂತ ಎಂದು ನೋಡಿದರೆ ಆ ಕಲಮಿನಲ್ಲಿ ಯಾವ ದಂಡವೂ ಇಲ್ಲ. 2012ರಲ್ಲಿ ಸಕಾಲ ಬಂದಾಗ ತಡವಾದ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500 ರೂಪಾಯಿ ಪರಿಹಾರ ಎಂದಿಟ್ಟರು. 20 ರೂಪಾಯಿಗೆ ಈಗ ಎರಡು ಚಾ ಸಹ ಸಿಗುವುದು ಕಷ್ಟ. ಆದರೂ ಅದರಲ್ಲಿ ತಡ ಮಾಡಿದವರು ಲೆಕ್ಕ ಕೊಡಬೇಕು ಎಂಬ ಒಂದು ಮಾತಿದೆ. ಜಾತಿ, ಆದಾಯದ ಸರ್ಟಿಫಿಕೇಟಿಗೆ ಇರುವ ಆ ಮರ್ಯಾದೆ ಮಗುವಿನ ಶಾಲೆಯ ದೂರಿಗೆ ಯಾಕಿಲ್ಲ? ಜೂನ್, ಜುಲೈಯಲ್ಲಿ ಬರುವ ಶಾಲೆಯ ದೂರದ ದೂರುಗಳನ್ನಾದರೂ ಹದಿನೈದು ದಿನದಲ್ಲಿ ತೀರ್ಮಾನಿಸುವಂತೆ ಸರಕಾರ ಒಂದು ಸುತ್ತೋಲೆ ಹೊರಡಿಸಲಿ. ಅದಕ್ಕೆ ಕಾಯ್ದೆ ತಿದ್ದಬೇಕಾಗಿಲ್ಲ, ಮೂರು ತಿಂಗಳ ‘ಒಳಗೆ’ ಎಂದು ತಾನೇ ಇರುವುದು? ದಾಖಲಾತಿಯ ಕೊನೆಯ ದಿನವನ್ನು ಶಾಲೆಯ ನೋಟಿಸ್ ಬೋರ್ಡಿನಲ್ಲಿ ದೊಡ್ಡದಾಗಿ ಬರೆಯುತ್ತಾರೆ. ಅದರ ಕೆಳಗೆ ದೂರು ಯಾರಿಗೆ ಕೊಡಬೇಕು ಎಂದು ಒಂದು ಸಾಲು ಬರೆದರೆ ಚಾಕ್‌ಪೀಸ್ ಏನೂ ಮುಗಿದುಹೋಗುವುದಿಲ್ಲ.

ದಾಖಲಾತಿ ಎಂದಾಗ ಇನ್ನೊಂದು ಹೇಳಬೇಕು. ಟಿಸಿ ತಡವಾಗಿ ಬಂತು ಎಂದು ಸರಕಾರಿ ಅಥವಾ ಅನುದಾನಿತ ಶಾಲೆ ಮಗುವನ್ನು ಹೊರಗೆ ನಿಲ್ಲಿಸುವ ಹಾಗಿಲ್ಲ, 5ನೇ ಕಲಮು ನೋಡಿ. ದಾಖಲಾತಿಯ ಅವಧಿ ಮುಗಿದ ಮೇಲೆ ಬಂದರೂ ಮಗುವಿಗೆ ಪ್ರವೇಶ ನಿರಾಕರಿಸಬಾರದು ಎನ್ನುವುದು 15ನೇ ಕಲಮು. ಮೇ ತಿಂಗಳಲ್ಲಿ ಮನೆ ಬದಲಿಸಿದವರು, ಗಲ್ಫಿನಿಂದ ಕುಟುಂಬ ಸಮೇತ ವಾಪಸು ಬಂದವರು, ಇಂಥವರಿಗೆ ಇದು ಬೇಕಾಗುತ್ತದೆ.

ಬರೆಯುವುದು ಹೇಗೆ ಎಂದು ಹೆದರುವವರಿಗೆ ಹೇಳುವುದಾದರೆ, ಒಂದು ಪುಟ ಸಾಕು. ಮಗುವಿನ ಹೆಸರು, ತರಗತಿ, ಮನೆ ಎಲ್ಲಿ, ಶಾಲೆ ಎಲ್ಲಿ, ದಾರಿ ಯಾವುದು, ಎಷ್ಟು ದೂರ, ಮಳೆಯಲ್ಲಿ ಎಂತ ಆಗುತ್ತದೆ, ಯಾವ ದಿನ ಯಾರಲ್ಲಿ ಹೇಳಿದ್ದೀರಿ, ಈಗ ಎಂತ ಬೇಕು. ‘ಶಿಕ್ಷಣ ಹಕ್ಕು ಕಾಯ್ದೆಯ 32ನೇ ಕಲಮಿನ ಪ್ರಕಾರ ದೂರು’ ಎಂದು ಮೇಲೆಯೇ ಬರೆಯಿರಿ. ಕಾಯ್ದೆಯಲ್ಲಿ ಸ್ಥಳೀಯ ಪ್ರಾಧಿಕಾರ ಎಂದರೆ ಪಾಲಿಕೆ, ಜಿಲ್ಲಾ ಪಂಚಾಯತ್, ನಗರ ಪಂಚಾಯತ್, ಪಂಚಾಯತ್. ನಮ್ಮವರು ಹೋಗುವುದು ಬಿಇಒ ಆಫೀಸಿಗೆ. ಎರಡೂ ಕಡೆ ಕೊಡಿ, ಆಗ ‘ಇದು ನಮ್ಮದಲ್ಲ, ಅವರದ್ದು’ ಎನ್ನುವುದಕ್ಕೆ ಆಸ್ಪದ ಇರುವುದಿಲ್ಲ. ಎರಡು ಪ್ರತಿ ತೆಗೆದುಕೊಂಡು ಹೋಗಿ, ನಿಮ್ಮ ಪ್ರತಿಗೆ ಸೀಲು, ದಿನಾಂಕ, ಇನ್‌ವರ್ಡ್ ನಂಬರ್ ಹಾಕಿಸಿಕೊಳ್ಳಿ. ಸೀಲು ಹಾಕುವವರು ಊಟಕ್ಕೆ ಹೋಗಿದ್ದಾರೆ ಎಂದರೆ ಕೂತುಕೊಳ್ಳಿ. ತೆಗೆದುಕೊಳ್ಳುವುದೇ ಇಲ್ಲ ಎಂದರೆ ಸ್ಪೀಡ್ ಪೋಸ್ಟ್ ಮಾಡಿ ರಶೀದಿ ಇಟ್ಟುಕೊಳ್ಳಿ. ಆಗುವುದಿಲ್ಲ ಎಂದು ಬಾಯಲ್ಲಿ ಹೇಳಿದರೆ, ಅದನ್ನೇ ಹಿಂಬರಹದಲ್ಲಿ ಕೊಡಿ ಸರ್ ಎಂದು ವಿನಯದಿಂದ ಕೇಳಿ. ಹಿಂಬರಹ ಕೇಳಿದ ಕೂಡಲೇ ಎಷ್ಟೋ ‘ಆಗುವುದಿಲ್ಲ’ಗಳು ‘ನೋಡುವ’ ಆಗುವುದನ್ನು ನಾವೇ ಕಂಡಿದ್ದೇವೆ. ಒಂದು ತಿಂಗಳಾದರೂ ಸದ್ದಿಲ್ಲದಿದ್ದರೆ ದೂರಿನ ಗತಿ ಏನಾಯಿತು ಎಂದು ಮಾಹಿತಿ ಹಕ್ಕಿನಲ್ಲಿ ಕೇಳಬಹುದು. 10 ರೂಪಾಯಿ ಶುಲ್ಕ, 30 ದಿನದೊಳಗೆ ಉತ್ತರ ಕೊಡಬೇಕು. ಬಿಪಿಎಲ್ ಕಾರ್ಡ್ ಇದ್ದರೆ ಆ ಶುಲ್ಕವೂ ಇಲ್ಲ. ಆದರೆ ಮಾನವ ಹಕ್ಕುಗಳ ಆಯೋಗಕ್ಕೆ ಹೋಗುವ ಯೋಚನೆ ಇದ್ದವರು ನೆನಪಿಡಿ, ಅಲ್ಲಿ ಮಾತ್ರ ಘಟನೆ ನಡೆದು ಒಂದು ವರ್ಷ ದಾಟಿದ್ದನ್ನು ವಿಚಾರಣೆಗೆ ತೆಗೆದುಕೊಳ್ಳುವುದಿಲ್ಲ.

ಜಮಾಅತ್ ಕಮಿಟಿಗಳಲ್ಲಿ ನಿಕಾಹ್ ರಿಜಿಸ್ಟರ್ ಉಂಟು, ವಂತಿಗೆಯ ರಿಜಿಸ್ಟರ್ ಉಂಟು. ಮೇ ತಿಂಗಳಲ್ಲಿ ಇನ್ನೊಂದು ನೋಟ್‌ಬುಕ್ ತೆರೆದು ಯಾವ ಮನೆಯ ಮಗು ಯಾವ ಶಾಲೆಗೆ, ಎಷ್ಟು ದೂರ, ಯಾವ ದಾರಿ ಎಂದು ಬರೆದಿಡುವುದಕ್ಕೆ ಒಂದು ಜುಮಾದ ಮಧ್ಯಾಹ್ನ ಸಾಕು. ತೋಡಿನ ಆಚೆ ಈಚೆ ಇರುವ ಮನೆಗಳೆಲ್ಲ ನಮ್ಮವರದ್ದೇ ಅಲ್ಲ, ಆ ಕಾಲುಸಂಕವನ್ನು ಶೆಟ್ಟರ ಮಗಳೂ ದಾಟುತ್ತಾಳೆ, ಪೂಜಾರಿಯವರ ಮಗನೂ ದಾಟುತ್ತಾನೆ. ಅವರದ್ದೂ ಬರೆದುಕೊಳ್ಳಿ. ಐದು ಮನೆಯವರು ಒಟ್ಟಿಗೆ ಸಹಿ ಹಾಕಿದ ಕಾಗದವನ್ನು ಎಸ್‌ಡಿಎಂಸಿಯವರೂ ಬದಿಗಿಡುವುದಿಲ್ಲ.

ಆ ತಾಯಿಯ ದೂರನ್ನು ಆಗಸ್ಟ್ ಮೂರನೇ ವಾರ ನಾವೇ ಕುಳಿತು ಬರೆದೆವು. ಜೂನಿನಲ್ಲಿ ಬರೆಯಬೇಕಾಗಿದ್ದನ್ನು ಆಗಸ್ಟಿನಲ್ಲಿ ಬರೆದೆವು, ಆ ತಪ್ಪು ನಮ್ಮದು. ಸೀಲು ಬಿತ್ತು, ನಂಬರ್ ಸಿಕ್ಕಿತು. ‘ಟೈಮ್ ಮುಗಿದಿದೆ’ ಎಂಬ ಮಾತು 32ನೇ ಕಲಮು ಎಂದು ಬರೆದ ಕಾಗದ ಕಂಡ ಮೇಲೆ ಮತ್ತೆ ಬರಲಿಲ್ಲ.

ಕಳೆದ ವಾರ ದೂರ ನೋಡಲಿಕ್ಕೆಂದು ಒಬ್ಬರು ಬಂದಿದ್ದರಂತೆ. ಈಗ ಮಳೆ ಬಿಟ್ಟಿದೆ, ತೋಡಿನಲ್ಲಿ ಮೊಣಕಾಲು ನೀರೂ ಇಲ್ಲ. ಬೈಕು ತೋಟದ ಗೇಟಿನಲ್ಲಿ ನಿಲ್ಲಿಸಿ, ಕಾಲುಸಂಕದ ಮೇಲೆ ನಡೆದು, ಮೊಬೈಲಿನಲ್ಲಿ ಅಳೆದು, “ಎರಡು ಮುಕ್ಕಾಲು ಕಿಲೋಮೀಟರ್ ಆಗ್ತದೆ, ಮಗು ಈಗ ಇದೇ ದಾರಿಯಲ್ಲಿ ಹೋಗ್ತಾಳಲ್ಲ” ಎಂದು ಹೇಳಿ ಹೋದರಂತೆ. ಹೌದು, ಈಗ ಹೋಗುತ್ತಾಳೆ. ಮದ್ರಸಕ್ಕೂ ಬರುತ್ತಿದ್ದಾಳೆ. ಮೂರು ತಿಂಗಳ ಪಾಠ ಹಿಂದೆ ಬಿದ್ದಿದೆ, ಅದನ್ನು ನಾವು ನೋಡಿಕೊಳ್ಳುತ್ತೇವೆ. ಮಳೆಗಾಲದ ದೂರನ್ನು ಬಿಸಿಲಿನಲ್ಲಿ ಅಳೆದದ್ದನ್ನು ಯಾರು ನೋಡಿಕೊಳ್ಳುವುದು?

ಜುಲೈಯಲ್ಲಿ ತೋಡು ತುಂಬಿದ್ದಾಗ ಆ ತಾಯಿ ಮೊಬೈಲಿನಲ್ಲಿ ವಿಡಿಯೊ ತೆಗೆದು ಗಂಡನಿಗೆ ಕಳಿಸಿದ್ದರು, ‘ನೋಡಿ, ಮಗಳ ಶಾಲೆಯ ದಾರಿ’ ಎಂದು. ದಿನಾಂಕ, ಗಂಟೆ ಸಮೇತ ಅದು ಈಗಲೂ ಫೋನಿನಲ್ಲಿದೆ. ಅದರಿಂದ ಎರಡು ಫೋಟೊ ತೆಗೆಸಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ರಸ್ತೆಯ ದೂರವನ್ನೇ ಲೆಕ್ಕಕ್ಕೆ ಹಿಡಿಯಬೇಕು ಎಂದು ಎರಡನೇ ಕಾಗದ ಬರೆದಿದ್ದೇವೆ. ಮೂರು ತಿಂಗಳು ಪೂರ್ತಿಯಾಗುವುದಕ್ಕೆ ಇನ್ನೂ ದಿನ ಬಾಕಿ ಇದೆ. ಸೋಮವಾರ ಮದ್ರಸ ಬಿಟ್ಟ ಮೇಲೆ ಅದಕ್ಕೆ ಸೀಲು ಹಾಕಿಸಲು ಹೋಗುತ್ತಿದ್ದೇವೆ, ಇದೇ ತೊಂದರೆ ಇರುವ ಹತ್ತಿರದ ಮನೆಯವರು ತಮ್ಮ ಕಾಗದ ತಂದರೆ ಒಟ್ಟಿಗೆ ಹೋಗಬಹುದು.